ರೊಟ್ಟಿಯ ಲೆಕ್ಕ ಇಟ್ಟವರು ಯಾರು?

(ಬೆಳಗಾವಿಯಲ್ಲಿ ಮಾಜಿ ಸೈನಿಕರ ಕುಟುಂಬದವರು ಮತ್ತು ಕಾಲೇಜು ವಿದ್ಯಾರ್ಥಿನಿಯರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಸಭಿಕರು ಹೇಳಿದ್ದನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯುದ್ಧ ಮತ್ತು ಹೆಣ್ಣುಮಕ್ಕಳ ಬಗ್ಗೆ ಬೆಳಗಾವಿಯಲ್ಲಿ ನಿಂತು ಮಾತಾಡುವವರಿಗೆ ಒಂದು ಅನುಕೂಲ ಇದೆ, ಒಂದು ತೊಂದರೆಯೂ ಇದೆ. ಅನುಕೂಲ ಏನಂದರೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚೆನ್ನಮ್ಮ ಸರ್ಕಲ್ ದಾಟದೆ ಈ ಊರಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ತೊಂದರೆಯೂ ಅದೇ. ಕುದುರೆ ಮೇಲೆ ಕುಳಿತು ಕತ್ತಿ ಎತ್ತಿದ ಹೆಣ್ಣುಮಗಳು ಕಣ್ಣಿಗೆ ತುಂಬಿಕೊಂಡರೆ, ಅದೇ ಯುದ್ಧದಲ್ಲಿ ಇದ್ದ ಉಳಿದ ಹೆಣ್ಣುಮಕ್ಕಳು ಕಾಣುವುದೇ ಇಲ್ಲ. ಅಷ್ಟೇ ಯಾಕೆ, ಕತ್ತಿ ಹಿಡಿಯದೆ ಇದ್ದಾಗ ಚೆನ್ನಮ್ಮ ಏನು ಮಾಡುತ್ತಿದ್ದಳು ಅನ್ನೋದೂ ಕಾಣುವುದಿಲ್ಲ.

ಅಲ್ಲಿಂದಲೇ ಶುರು ಮಾಡುತ್ತೇನೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ, ಗುಂಡು ಹಾರಿಸಿದ್ದು ಅಮಟೂರು ಬಾಳಪ್ಪ. ಇದು ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೂ ಮೊದಲಿನ ವಾರಗಳ ಬಗ್ಗೆ ನಾವು ಮಾತಾಡುವುದು ಕಡಿಮೆ. ದೊರೆ ಶಿವಲಿಂಗರುದ್ರಸರ್ಜ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದ. ದತ್ತು ಮಗನನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಚೆನ್ನಮ್ಮ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆಸಿದಳು. ಖಜಾನೆಗೆ ಬೀಗ ಬಿತ್ತು, ಕೋಟೆಯ ಬಾಗಿಲಲ್ಲಿ ಕಂಪನಿಯ ಕಾವಲು ನಿಂತಿತು. ಇಷ್ಟೆಲ್ಲ ಆದಮೇಲೆ ಗುಂಡು ಹಾರಿತು.

ಗುಂಡು ಹಾರಿದ ಮೇಲೆ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಸಿಕ್ಕರು, ಸ್ಟೀವನ್‌ಸನ್ ಮತ್ತು ಎಲಿಯಟ್. ಕೋಪ ಉರಿಯುತ್ತಿದ್ದ ಹೊತ್ತು ಅದು. ಅವರನ್ನು ಕೊಂದುಬಿಡಿ ಅನ್ನುವವರು ಕೋಟೆಯಲ್ಲಿ ಖಂಡಿತ ಇದ್ದಿರಬೇಕು ಅಂತ ನನ್ನ ಊಹೆ. ಆದರೆ ಕಿತ್ತೂರಿನವರು ಅವರನ್ನು ಕೆಲವು ವಾರ ಇಟ್ಟುಕೊಂಡರು, ಚೆನ್ನಾಗಿ ನೋಡಿಕೊಂಡರು, ಡಿಸೆಂಬರ್ ಹೊತ್ತಿಗೆ ಮಾತುಕತೆಯ ಮೇಲೆ ಬಿಟ್ಟರು. ಇದೂ ಯುದ್ಧದ ಕೆಲಸವೇ. ಸೆರೆಯಾಳನ್ನು ಜೀವಂತ ಇಟ್ಟುಕೊಂಡು ಮಾತಿಗೆ ಕೂರುವುದು ಕತ್ತಿ ಬೀಸುವುದಕ್ಕಿಂತ ಕಷ್ಟ. ಸ್ಮಾರಕ ಮಾಡುವವರಿಗೆ ಇದು ಸಿಗುವುದಿಲ್ಲ ನೋಡಿ, ಹೇಗೆ ಕೆತ್ತುವುದು? ಅಂದಹಾಗೆ ಆ ಎಲಿಯಟ್ ಮುಂದೆ ದೊಡ್ಡ ಹೆಸರು ಮಾಡಿದ. ನಮ್ಮ ಭಾಗದ ನೂರಾರು ಶಾಸನಗಳನ್ನು ನಕಲು ಮಾಡಿಸಿ ಸಂಗ್ರಹಿಸಿದ ವಾಲ್ಟರ್ ಎಲಿಯಟ್ ಅವನೇ. ಕಿತ್ತೂರಿನಲ್ಲಿ ಅವನ ತಲೆ ಉಳಿಯದಿದ್ದರೆ ಕರ್ನಾಟಕದ ಇತಿಹಾಸಕ್ಕೂ ಒಂದಿಷ್ಟು ನಷ್ಟ ಆಗುತ್ತಿತ್ತು.

ಮುಂದೆ ಕಿತ್ತೂರು ಸೋತ ಮೇಲೆ ಬೈಲಹೊಂಗಲದ ಕೋಟೆಯಲ್ಲಿ ಚೆನ್ನಮ್ಮನೊಬ್ಬಳೇ ಸೆರೆ ಇರಲಿಲ್ಲ. ಸೊಸೆಯಂದಿರಾದ ವೀರವ್ವ, ಜಾನಕೀಬಾಯಿ ಅವರೂ ಇದ್ದರು. 1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಸೆರೆಯಲ್ಲೇ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣ ಎದ್ದಿದ್ದು ಆಮೇಲೆ. ರಾಯಣ್ಣನ ತಾಯಿ ಕೆಂಚವ್ವನ ಬೆನ್ನ ಮೇಲೆ ಕುಲಕರ್ಣಿ ಕಲ್ಲು ಹೊರಿಸಿದ ಕಥೆಯನ್ನು ಜನ ಈಗಲೂ ಹೇಳುತ್ತಾರೆ. ಗಮನಿಸಿ, ಆ ಕಥೆಯಲ್ಲಿ ಕೆಂಚವ್ವ ಮಗನ ಸಿಟ್ಟಿಗೆ ಒಂದು ಕಾರಣ ಮಾತ್ರ. ಮಗ ಕಾಡಿಗೆ ಹೋದಮೇಲೆ ಆಕೆ ಹೇಗೆ ಬದುಕಿದಳು, ಭೂಮಿ ಯಾರು ನೋಡಿಕೊಂಡರು, ಬಾಗಿಲಿಗೆ ಬಂದ ಸಿಪಾಯಿಗಳಿಗೆ ಏನು ಹೇಳಿದಳು, ಇದನ್ನೆಲ್ಲ ಕಥೆ ಕೇಳುವುದೇ ಇಲ್ಲ.

ಕತ್ತಿ ಹಿಡಿದವರಲ್ಲಿ ಇನ್ನಿಬ್ಬರ ಹೆಸರು ಹೇಳದೆ ಮುಂದೆ ಹೋದರೆ ನೀವು ಬೈತೀರಿ. ಒಬ್ಬಳು ಅಕ್ಕಾದೇವಿ, ಚಾಲುಕ್ಯ ದೊರೆ ಎರಡನೇ ಜಯಸಿಂಹನ ಸೋದರಿ. ಪಟ್ಟದಕಲ್ಲಿನ ಸುತ್ತಲ ಕಿಸುಕಾಡು ಸೀಮೆಯನ್ನು ಆಳಿದವಳು. ಹುನಗುಂದದ ಕಡೆ ಅರಸಿಬೀದಿ ಅನ್ನುವ ಊರಿದೆಯಲ್ಲ, ಅಲ್ಲಿಂದ ರಾಜ್ಯಭಾರ ಮಾಡಿದಳು. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದಳು ಅಂತ ಶಾಸನ ಹೇಳುತ್ತದೆ. ಸಾವಿರ ವರ್ಷದ ಹಿಂದಿನ ಮಾತು, ಅದೂ ನಮ್ಮ ಗೋಕಾಕದಲ್ಲಿ! ಇನ್ನೊಬ್ಬಳು ಬೈಲಹೊಂಗಲ ತಾಲ್ಲೂಕಿನ ಬೆಳವಡಿ ಮಲ್ಲಮ್ಮ. ದಕ್ಷಿಣದ ದಂಡಯಾತ್ರೆ ಮುಗಿಸಿ ಮರಳುತ್ತಿದ್ದ ಶಿವಾಜಿಯ ಸೈನ್ಯದ ಜೊತೆ 1678ರ ಸುಮಾರಿಗೆ ಜಗಳ ಬಿತ್ತು. ಸೈನ್ಯದ ಸಾಮಾನು ಹೊರುವ ಎತ್ತುಗಳನ್ನು ಬೆಳವಡಿಯವರು ಹೊಡೆದುಕೊಂಡು ಹೋದದ್ದು ಕಾರಣ ಅಂತಾರೆ. ಪುಟ್ಟ ಕೋಟೆ, ಸುಮಾರು ಒಂದು ತಿಂಗಳು ತಡೆದು ನಿಂತಿತು.

ಆ ಒಂದು ತಿಂಗಳ ಹತ್ತಿರ ಸ್ವಲ್ಪ ನಿಲ್ಲೋಣ. ಕೋಟೆಯೊಳಗೆ ಸಾವಿರ ಜನ ಇದ್ದರು ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹೊತ್ತಿಗೆ ಎರಡು ರೊಟ್ಟಿ, ದಿನಕ್ಕೆ ಎರಡು ಹೊತ್ತು. ನಾಲ್ಕು ಸಾವಿರ ರೊಟ್ಟಿ ಆಯಿತು. ಇಲ್ಲಿ ಕೂತಿರುವ ಅಕ್ಕಂದಿರೇ ಹೇಳಿ, ಗಂಟೆಗೆ ಎಷ್ಟು ರೊಟ್ಟಿ ಬಡಿಯಬಹುದು? ಇಪ್ಪತ್ತೈದಾ? ಆಗಲಿ. ಹಾಗಾದರೆ ಇಪ್ಪತ್ತು ಹೆಣ್ಣುಮಕ್ಕಳು ದಿನಕ್ಕೆ ಎಂಟು ಗಂಟೆ ಒಲೆ ಮುಂದೆ ಕೂತಿರಬೇಕು.

(ಇಲ್ಲಿ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ನನ್ನನ್ನು ತಡೆದರು. "ಬರೇ ಬಡಿಯೂದು ಹಿಡದ್ರಿ ನೀವು. ಜ್ವಾಳಾ ಹಸನ ಮಾಡೂದು, ಬೀಸೂದು, ನೀರು ತರೂದು, ಕುಳ್ಳು ತಟ್ಟೂದು ಯಾರ ಲೆಕ್ಕದಾಗ ಹಾಕ್ತೀರಿ?" ಸಭೆ ಚಪ್ಪಾಳೆ ಹೊಡೆಯಿತು. ನನ್ನ ಉಳಿದ ಭಾಷಣವನ್ನು ಆ ಅಜ್ಜಿಯೇ ಮಾಡಿದ್ದರೆ ಚೆನ್ನಾಗಿರುತ್ತಿತ್ತು.)

ಸರಿ, ಅಜ್ಜಿ ಹೇಳಿದ್ದನ್ನೇ ಹಿಡಿದುಕೊಂಡು ಹೋಗೋಣ. ಜೋಳ ಬೀಸುವುದು ರೊಟ್ಟಿ ಬಡಿಯುವುದಕ್ಕಿಂತ ಹೆಚ್ಚು ಹೊತ್ತಿನ ಕೆಲಸ. ಗಿರಣಿ ಬರುವ ಮುಂಚೆ ಪ್ರತಿ ಯುದ್ಧವೂ ಬೀಸುಕಲ್ಲಿನ ಮೇಲೆ ನಡೆದಿದೆ. ಇದಕ್ಕೆ ಸಾಕ್ಷಿ ಬೇಕು ಅನ್ನುವವರು ಹಲಗಲಿಗೆ ಬನ್ನಿ. ಮುಧೋಳ ತಾಲ್ಲೂಕಿನ ಊರು. 1857ರಲ್ಲಿ ಕಂಪನಿ ಸರಕಾರ ಹತಾರ ಒಪ್ಪಿಸಿ ಅಂತ ಕಾಯ್ದೆ ತಂದಿತು. ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿದರು. ಆ ಘಟನೆ ಮೇಲೆ ಜನ ಕಟ್ಟಿದ ಲಾವಣಿ ನಿಮ್ಮಲ್ಲಿ ಎಷ್ಟೋ ಜನರಿಗೆ ಹತ್ತನೇ ತರಗತಿಯಲ್ಲಿ ಪಾಠಕ್ಕಿತ್ತು. ಜಡಗ, ಬಾಲ, ರಾಮ ಅಂತ ವೀರರ ಹೆಸರು ಬಾಯಿಪಾಠ ಮಾಡಿರುತ್ತೀರಿ.

ಅದರಲ್ಲಿ ದಂಡಿನವರು ದೋಚಿದ ಸಾಮಾನಿನ ಪಟ್ಟಿ ಬರುತ್ತದೆ, ನೆನಪಿದೆಯಾ? ಕೊಡಲಿ, ಕುಡ, ಕಬ್ಬಿಣ ಬರುತ್ತದೆ. ಅದರ ಬೆನ್ನಿಗೇ ಮೊಸರು, ಬೆಣ್ಣೆ, ಹಾಲು. ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ. ಅಕ್ಕಿ, ಸಕ್ಕರೆ, ಬೆಲ್ಲ. ಗಂಗಾಳ, ಚರಿಗೆ, ಮಂಗಳಸೂತ್ರ. ಕೊನೆಗೆ ಬೀಸುಕಲ್ಲು! ಶಾಲೆಯಲ್ಲಿ ಓದುವಾಗ ಪ್ರಾಸಕ್ಕೆ ಹಾಕಿದ್ದಾರೆ ಅಂದುಕೊಂಡು ಇದನ್ನು ದಾಟಿಬಿಡುತ್ತೇವೆ. ನನಗೆ ಆ ಲಾವಣಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಇದೇ. ಹತಾರ ಕೇಳಲು ಬಂದವರು ಜೀರಿಗೆ ಡಬ್ಬಿ ಯಾಕೆ ಮುಟ್ಟಿದರು? ಯಾಕೆಂದರೆ ಅಡುಗೆಮನೆ ಖಾಲಿಯಾದರೆ ಊರು ಮತ್ತೆ ಏಳುವುದಿಲ್ಲ. ಬೀಸುಕಲ್ಲು ಹೋದ ಮನೆಯಲ್ಲಿ ಜೋಳ ಇದ್ದರೂ ಹೊಟ್ಟೆಗಿಲ್ಲ. ಲಾವಣಿ ಕಟ್ಟಿದವನಿಗೆ ಇದು ಗೊತ್ತಿತ್ತು. ಪಾಠ ಮಾಡುವ ನಮಗೆ ಮರೆತಿದೆ. ಆ ಪಟ್ಟಿಯಲ್ಲಿರುವ ಬಹುಪಾಲು ವಸ್ತುಗಳ ಯಜಮಾನಿಕೆ ಹೆಣ್ಣುಮಕ್ಕಳದ್ದು. ಗಂಡಸರು ಗಲ್ಲಿಗೆ ಹೋದ ಮೇಲೆ ಆ ಸುಟ್ಟ ಊರನ್ನು ಮತ್ತೆ ಕಟ್ಟಿದವರಲ್ಲಿ ಅವರೂ ಇದ್ದರಲ್ಲ. ಅವರ ಒಂದು ಹೆಸರೂ ನಮಗೆ ಸಿಕ್ಕಿಲ್ಲ.

ಇನ್ನು ನೀರು. ವಿಜಯಪುರಕ್ಕೆ ಹೋದವರೆಲ್ಲ ಗೋಳಗುಮ್ಮಟ ನೋಡುತ್ತಾರೆ. ಚಾಂದ್ ಬಾವಡಿ, ತಾಜ್ ಬಾವಡಿ ನೋಡುವವರು ಕಡಿಮೆ. ಅಲ್ಲಿನ ಮಳೆಯ ಪರಿಸ್ಥಿತಿ ನಿಮಗೆ ಗೊತ್ತು. ಮುತ್ತಿಗೆ ಬಿದ್ದರೆ ಕೋಟೆ ಉಳಿಯುವುದು ತೋಪಿನಿಂದ ಅಲ್ಲ, ಬಾವಿಯಿಂದ. 1665ರ ಕೊನೆಗೆ ಮೊಗಲರ ಸೇನಾಪತಿ ಜಯಸಿಂಗ ವಿಜಯಪುರದ ಹತ್ತಿರ ಬಂದಾಗ ಆದಿಲಶಾಹಿಗಳು ಒಂದು ಉಪಾಯ ಮಾಡಿದರು. ಊರ ಸುತ್ತ ಹಲವು ಮೈಲಿ ಬಾವಿಗಳನ್ನು ಮುಚ್ಚಿಸಿದರು, ಕೆರೆಗಳನ್ನು ಒಡೆಸಿದರು, ಮರ ಕಡಿಸಿದರು. ಶತ್ರುವಿಗೆ ನೀರು, ನೆರಳು ಸಿಗಬಾರದು. ಉಪಾಯ ಫಲಿಸಿತು, ಜಯಸಿಂಗ ವಾಪಸ್ ಹೋದ. ಯುದ್ಧದ ಪುಸ್ತಕಗಳಲ್ಲಿ ಇದನ್ನು ಜಾಣತನ ಅಂತ ಹೊಗಳುತ್ತಾರೆ. ಜಾಣತನವೇ ಇರಬಹುದು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಮರುದಿನ ಬೆಳಿಗ್ಗೆ ಕೊಡ ಹಿಡಿದು ಹೊರಟವರು ಯಾರು? ಸೈನ್ಯ ಹೋಯಿತು, ಮುಚ್ಚಿದ ಬಾವಿ ತಾನಾಗಿ ತೆರೆಯುವುದಿಲ್ಲವಲ್ಲ. ಆ ವರ್ಷದ ಬೇಸಿಗೆಯನ್ನು ಯಾರೂ ಬರೆದಿಟ್ಟಿಲ್ಲ.

ಚಾಂದ್ ಬಾವಡಿಗೆ ಹೆಸರು ಕೊಟ್ಟ ಚಾಂದ್ ಬೀಬಿ ಬಗ್ಗೆ ಒಂದು ಮಾತು. ಅಹ್ಮದನಗರದ ಕೋಟೆಯ ಒಡೆದ ಗೋಡೆಯನ್ನು 1596ರಲ್ಲಿ ರಾತ್ರೋರಾತ್ರಿ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ನನಗೆ ಇಷ್ಟವಾದದ್ದು ಅದಕ್ಕಿಂತ ಹಿಂದಿನ, ವಿಜಯಪುರದ ಬೀದಿಯ ಒಂದು ಘಟನೆ. 1580ರಲ್ಲಿ ಗಂಡ ಅಲಿ ಆದಿಲಶಾಹ ಸತ್ತ ಮೇಲೆ ಚಾಂದ್ ಬೀಬಿ ಬಾಲಕ ಸುಲ್ತಾನ ಇಬ್ರಾಹಿಮನ ಪರವಾಗಿ ಆಡಳಿತ ನೋಡುತ್ತಿದ್ದಳು. ಕಿಶ್ವರ್ ಖಾನ್ ಎಂಬ ಸರದಾರ ಅಧಿಕಾರದ ಆಸೆಗೆ ಆಕೆಯನ್ನೇ ಸಾತಾರದ ಕೋಟೆಗೆ ಸೆರೆ ಕಳಿಸಿದ. ಆಮೇಲೆ ಅವನು ಊರ ಬೀದಿಯಲ್ಲಿ ಹೋಗುವಾಗ ಸಾಮಾನ್ಯ ಹೆಂಗಸರೂ ಅವನನ್ನು ಬಾಯಿಗೆ ಬಂದಂತೆ ಬೈದರು ಅಂತ ಫೆರಿಶ್ತಾ ಬರೆಯುತ್ತಾನೆ. ಖಾನ್ ಊರು ಬಿಟ್ಟು ಓಡಿದ, ಚಾಂದ್ ಬೀಬಿ ಬಿಡುಗಡೆಯಾದಳು. ಬರೀ ಬೈಗುಳದಿಂದ ಓಡಿದ ಅಂತ ನಾನು ಹೇಳುವುದಿಲ್ಲ, ಸರದಾರರೂ ತಿರುಗಿಬಿದ್ದಿದ್ದರು. ಆದರೂ ಆಸ್ಥಾನದ ಇತಿಹಾಸಕಾರ ಬೀದಿಯ ಹೆಂಗಸರ ಬಾಯಿಗೆ ಒಂದು ಸಾಲು ಕೊಟ್ಟಿದ್ದಾನೆ ಅಂದರೆ, ಅದು ಎಷ್ಟು ಜೋರಾಗಿತ್ತು ಅಂತ ನೀವೇ ಯೋಚನೆ ಮಾಡಿ.

ಸೈನ್ಯಕ್ಕೆ ಧಾನ್ಯ ತಂದುಕೊಡುತ್ತಿದ್ದವರ ಬಗ್ಗೆಯೂ ಹೇಳಬೇಕು. ಮೊಗಲರು, ಆದಿಲಶಾಹಿಗಳು, ಮರಾಠರು, ಕೊನೆಗೆ ಇಂಗ್ಲಿಷರು ಎಲ್ಲರೂ ನಂಬಿದ್ದು ಲಂಬಾಣಿಗರ ಹೇರೆತ್ತುಗಳನ್ನು. ಇಂಗ್ಲಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿ ಕೂಡ ಅವರಿಲ್ಲದೆ ಹೆಜ್ಜೆ ಮುಂದಿಡುತ್ತಿರಲಿಲ್ಲ. ಸಾವಿರಗಟ್ಟಲೆ ಎತ್ತುಗಳ ತಾಂಡಾ ಹೋಗುವಾಗ ಬರೀ ಗಂಡಸರು ಹೋಗುತ್ತಿರಲಿಲ್ಲ. ಹೆಂಡತಿ, ಮಕ್ಕಳು, ಮನೆ ಎಲ್ಲ ಜೊತೆಗೇ. 1632ರಲ್ಲಿ ದಾರಿಯಲ್ಲಿ ಇಂಥ ತಾಂಡಾ ನೋಡಿದ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಹದಿನಾಲ್ಕು ಸಾವಿರ ಎತ್ತುಗಳಿದ್ದವು ಅಂತಾನೆ, ಕುಟುಂಬಗಳು ಜೊತೆಗಿದ್ದವು ಅಂತಲೂ ಬರೆಯುತ್ತಾನೆ. ಸಂಜೆ ಹೇರು ಇಳಿಸಿ, ಅಡುಗೆ ಮಾಡಿ, ಬೆಳಗಾಗುವ ಮುಂಚೆ ಮತ್ತೆ ಹೇರು ಕಟ್ಟಿ ಹೊರಡುವ ಆ ಜೀವನದಲ್ಲಿ ಇದು ಹೆಣ್ಣಿನ ಕೆಲಸ, ಇದು ಗಂಡಿನ ಕೆಲಸ ಅಂತ ಗೆರೆ ಎಳೆಯಲು ಆಗುತ್ತಿತ್ತಾ? ವಿಜಯಪುರ ಜಿಲ್ಲೆಯಲ್ಲಿ ಇವತ್ತಿಗೂ ತಾಂಡಾಗಳು ಬೇಕಾದಷ್ಟಿವೆ. ನಾವು ಅಲ್ಲಿಗೆ ಹೋದರೆ ಕನ್ನಡಿ ಹಚ್ಚಿದ ಲಂಗದ ಫೋಟೋ ತೆಗೆದುಕೊಂಡು ಬರುತ್ತೇವೆ. ದಖ್ಖನಿನ ಸೈನ್ಯಗಳಿಗೆ ಊಟ ಹೊತ್ತುಕೊಟ್ಟ ಮನೆತನ ಇವು ಅಂತ ಯಾರೂ ಮಾತಾಡಿಸುವುದಿಲ್ಲ.

ವೀರಗಲ್ಲುಗಳನ್ನು ನೋಡಿದ್ದೀರಲ್ಲ? ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನ ಎರಡೂ ಪಕ್ಕ ಹಿಡಿದು ಮೇಲೆ ಒಯ್ಯುತ್ತಾರೆ. ಮೇಲೆ ಶಿವಲಿಂಗ. ಕಲ್ಲಿನ ಮೇಲೆ ಹೆಣ್ಣುಮಕ್ಕಳಿಗೇನೂ ಕಡಿಮೆ ಇಲ್ಲ, ಆದರೆ ಎಲ್ಲರೂ ಸ್ವರ್ಗದವರು! ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಬಿಡುತ್ತಿದ್ದರು. ಆ ಭೂಮಿಯನ್ನು ಉಳಿಸಿಕೊಂಡು ಮಕ್ಕಳನ್ನು ಬೆಳೆಸಿದವಳಿಗೆ ಕಲ್ಲಿನಲ್ಲಿ ಜಾಗ ಇಲ್ಲ. ಗಂಡನ ಜೊತೆ ಚಿತೆ ಏರಿದವಳಿಗೆ ಮಾಸ್ತಿಕಲ್ಲು ಇದೆ. ಬದುಕಿದವಳಿಗೆ ಯಾವ ಕಲ್ಲೂ ಇಲ್ಲ. ಇದು ನನಗೆ ತುಂಬಾ ಕಾಡುವ ವಿಷಯ.

ಇಪ್ಪತ್ತನೇ ಶತಮಾನಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳು ಮದ್ದುಗುಂಡಿನ ಕಾರ್ಖಾನೆ ನಡೆಸಿದ್ದು, ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುವಿನ ಗುಪ್ತ ಸಂದೇಶ ಬಿಡಿಸಿದ್ದು, ಇದೆಲ್ಲ ಈಗ ನಿಮ್ಮ ಫೋನಿನಲ್ಲೇ ಸಿಗುತ್ತದೆ. ಅದಕ್ಕೆ ಸಮಯ ಕಳೆಯುವುದಿಲ್ಲ. ನಮ್ಮ ಮನೆಗಳಲ್ಲಿ ಏನಾಯಿತು ಅಂತ ನೋಡೋಣ.

ಮೊದಲ ಮಹಾಯುದ್ಧದಲ್ಲಿ ಮರಾಠಾ ಪಡೆಗಳು ಮೆಸೊಪೊಟೇಮಿಯಾಕ್ಕೆ ಹೋದವು, ಅಂದರೆ ಈಗಿನ ಇರಾಕ್. 1916ರ ಏಪ್ರಿಲ್ 29ರಂದು ಕುತ್ ಪಟ್ಟಣ ತುರ್ಕರ ಕೈಗೆ ಬಿದ್ದಾಗ ಸೆರೆಯಾದವರಲ್ಲಿ ಆ ಪಡೆಗಳವರೂ ಇದ್ದರು. ಆಗ ಊರಲ್ಲಿದ್ದ ಹೆಂಡತಿಗೆ ಸುದ್ದಿ ಹೇಗೆ ಬರಬೇಕು? 1911ರ ಜನಗಣತಿ ಪ್ರಕಾರ ದೇಶದಲ್ಲಿ ಓದುಬರಹ ಬಲ್ಲ ಹೆಣ್ಣುಮಕ್ಕಳು ನೂರಕ್ಕೆ ಸುಮಾರು ಒಬ್ಬರು. ಕಾಗದ ಬಂದರೆ ಶಾಲೆಯ ಮಾಸ್ತರರೋ ಕುಲಕರ್ಣಿಯೋ ಓದಬೇಕು. ಉತ್ತರವನ್ನೂ ಅವರೇ ಬರೆಯಬೇಕು. ಅದನ್ನು ದಾರಿಯಲ್ಲಿ ಸೆನ್ಸಾರ್ ಅಧಿಕಾರಿ ಓದಬಹುದು. ಅಲ್ಲಿ ಗಂಡನಿಗೂ ಓದಲು ಬಾರದಿದ್ದರೆ ಇನ್ನೊಬ್ಬ ಸಿಪಾಯಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾನೆ. ಗಂಡ ಹೆಂಡತಿಯ ಒಂದು ಮಾತು ಇಷ್ಟು ಜನರ ಕಿವಿ ದಾಟಬೇಕು. ಏನು ಹೇಳೋಕೆ ಆಗುತ್ತೆ? "ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಅಷ್ಟೇ.

(ನಿವೃತ್ತ ಹವಾಲ್ದಾರರೊಬ್ಬರು ಇಲ್ಲಿ ಎದ್ದು ನಿಂತರು. ತಮ್ಮ ಕಾಲದಲ್ಲೂ ಹಾಗೇ ಇತ್ತು ಅಂದರು. "ನಮ್ಮ ಮನಿಯಾಕಿಗೆ ಬರೀಲಿಕ್ಕೆ ಬರತಿತ್ತು ಸರ. ಆದ್ರ ಎತ್ತು ಸತ್ತದ್ದು, ಬೋರ್ ಬತ್ತಿದ್ದು, ಹುಡುಗಗ ಜ್ವರ ಬಂದದ್ದು ಒಂದೂ ಬರೀಲಿಲ್ಲ. ರಜಾಕ್ಕ ಬಂದಾಗ ಗೊತ್ತಾತು. ಯಾಕ ಹೇಳಲಿಲ್ಲ ಅಂದ್ರ, ನೀವು ಅಲ್ಲಿ ಕುಂತು ಏನ್ ಮಾಡ್ತಿದ್ರಿ ಅಂದ್ಳು.")

ಎರಡನೇ ಮಹಾಯುದ್ಧದ ಹೊತ್ತಿಗೆ ಇನ್ನೊಂದು ಪೆಟ್ಟು. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಯಿತು, ಅಲ್ಲಿಂದ ಬರುವ ಅಕ್ಕಿ ನಿಂತಿತು, ಧಾನ್ಯದ ಬೆಲೆ ಏರಿತು. ಅದೇ ಹೊತ್ತಿಗೆ, 1942-43ರಲ್ಲಿ, ಆಗಿನ ಬಿಜಾಪುರ ಜಿಲ್ಲೆಗೆ ಬರ ಬಿತ್ತು. ಬಾಗಲಕೋಟೆಯೂ ಆಗ ಅದೇ ಜಿಲ್ಲೆಯಲ್ಲಿತ್ತು. ಬರಗಾಲದ ಕಾಮಗಾರಿಯಲ್ಲಿ ಹೆಣ್ಣುಮಕ್ಕಳೂ ಖಡಿ ಒಡೆದರು, ಮಣ್ಣು ಹೊತ್ತರು. ಯುದ್ಧ ಎಲ್ಲೋ ಬರ್ಮಾದಲ್ಲಿ, ಕೈಯಲ್ಲಿ ಬೊಬ್ಬೆ ಇಲ್ಲಿ. ಅವರನ್ನು ಯುದ್ಧದ ಲೆಕ್ಕಕ್ಕೆ ಸೇರಿಸಬೇಕಾ ಅಂತ ಕೇಳಿದರೆ, ಸೇರಿಸಬೇಕು ಅಂತಲೇ ನನ್ನ ವಾದ.

1971ರ ಯುದ್ಧದಲ್ಲಿ ಗುಜರಾತಿನ ಭುಜ್‌ನಲ್ಲಿ ನಡೆದ ಕಥೆ ಬೇಗ ಹೇಳುತ್ತೇನೆ. ಪಾಕಿಸ್ತಾನದ ಬಾಂಬಿಗೆ ವಿಮಾನ ಇಳಿಯುವ ದಾರಿ ಹಾಳಾಗಿತ್ತು. ಪಕ್ಕದ ಮಾಧಾಪರ ಊರಿನ ಸುಮಾರು 300 ಹೆಣ್ಣುಮಕ್ಕಳು 72 ಗಂಟೆಯಲ್ಲಿ ಅದನ್ನು ಸರಿಮಾಡಿದರು. ಮೇಲಿಂದ ಕಾಣಬಾರದು ಅಂತ ಸೆಗಣಿ ಸಾರಿಸಿದರು. ಅಂಗಳ ಸಾರಿಸುವ ವಿದ್ಯೆ ವಾಯುಪಡೆಗೆ ಬೇಕಾಯಿತು ನೋಡಿ.

ಮುಗಿಸುವ ಮುಂಚೆ ಕಾಲೇಜು ಹುಡುಗಿಯೊಬ್ಬಳು ಚೀಟಿ ಕಳಿಸಿದ್ದಾಳೆ. "ಸರ್, ರೊಟ್ಟಿ ಬಡಿದದ್ದನ್ನು ಹೊಗಳಿ ಹೊಗಳಿ ನಮ್ಮನ್ನು ಮತ್ತೆ ಒಲೆ ಮುಂದೆ ಕೂರಿಸುತ್ತೀರಾ?" ಒಳ್ಳೆ ಪ್ರಶ್ನೆ ತಾಯಿ. ಇಲ್ಲ. ಕಿತ್ತೂರಿನಲ್ಲಿ ಹುಡುಗಿಯರ ಸೈನಿಕ ಶಾಲೆ ಶುರುವಾಗಿದ್ದು 1969ರಲ್ಲಿ. ಆಗ ಸೇನೆಯ ಬಹುತೇಕ ಬಾಗಿಲುಗಳು ಹುಡುಗಿಯರಿಗೆ ಮುಚ್ಚಿದ್ದವು. ಸೇನಾ ಪೊಲೀಸ್ ವಿಭಾಗದ ಮೊದಲ ಮಹಿಳಾ ತಂಡ, 83 ಜನ, ಬೆಂಗಳೂರಿನಲ್ಲಿ ತರಬೇತಿ ಮುಗಿಸಿದ್ದು 2021ರಲ್ಲಿ. ಇಲ್ಲೇ ಸಾಂಬ್ರಾದಲ್ಲಿ 2023ರಲ್ಲಿ ವಾಯುಪಡೆಯ ಮಹಿಳಾ ಅಗ್ನಿವೀರರು ತರಬೇತಿ ಮುಗಿಸಿ ಹೊರಬಂದರು. ಬೇಕಾದವರು ಹೋಗಿ, ಖಂಡಿತ ಹೋಗಿ. ನಾನು ಹೇಳುತ್ತಿರುವುದು ಬೇರೆ. ಒಲೆ ಮುಂದೆ ಕೂತವಳ ದುಡಿಮೆಯನ್ನು ಯುದ್ಧದ ಖರ್ಚಿನಲ್ಲಿ ಬರೆಯದಿದ್ದರೆ ಅವಳಿಗೆ ಸಿಗಬೇಕಾದ್ದೂ ಸಿಗುವುದಿಲ್ಲ.

ಉದಾಹರಣೆ ಬೇಕಾ? ಶೌರ್ಯ ಪ್ರಶಸ್ತಿ ಪಡೆದ ಸೈನಿಕ ತೀರಿಕೊಂಡರೆ ಹೆಂಡತಿಗೆ ಒಂದು ಭತ್ಯೆ ಬರುತ್ತದೆ. ಮರುಮದುವೆ ಆದರೆ ಅದು ನಿಲ್ಲುತ್ತಿತ್ತು. 1995ರಲ್ಲಿ ಒಂದು ವಿನಾಯಿತಿ ಕೊಟ್ಟರು. ಏನು ಗೊತ್ತಾ? ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಭತ್ಯೆ ಉಂಟು, ಬೇರೆಯವರನ್ನು ಆದರೆ ಇಲ್ಲ! ದುಡ್ಡು ಮನೆ ಬಿಟ್ಟು ಹೋಗಬಾರದು ಅನ್ನುವ ಯೋಚನೆ. ಆ ಷರತ್ತು ತೆಗೆದದ್ದು 2017ರಲ್ಲಿ. ಇಷ್ಟು ವರ್ಷ ಎಷ್ಟು ಹುಡುಗಿಯರ ಮೇಲೆ ಮೈದುನನನ್ನು ಮದುವೆಯಾಗು ಅಂತ ಒತ್ತಡ ಬಿದ್ದಿರಬಹುದು? ವೇದಿಕೆ ಮೇಲೆ ಅವರನ್ನು ವೀರನಾರಿ ಅಂತ ಕರೆದು ಶಾಲು ಹೊದಿಸುವುದು ಸುಲಭ.

ಅದಕ್ಕೇ ಇಲ್ಲಿ ಬಂದಿರುವ ಮಾಜಿ ಸೈನಿಕರಲ್ಲಿ ಒಂದು ಕೆಲಸ ಕೇಳಿಕೊಳ್ಳುತ್ತೇನೆ. ಮನೆಗೆ ಹೋಗಿ ನಿಮ್ಮ ಡಿಸ್ಚಾರ್ಜ್ ಪುಸ್ತಕ, ಪೆನ್ಷನ್ ಆದೇಶ, ಹೆಂಡತಿಯ ಆಧಾರ್ ಕಾರ್ಡ್ ಮೂರನ್ನೂ ಪಕ್ಕ ಪಕ್ಕ ಇಡಿ. ಒಂದರಲ್ಲಿ ಯಲ್ಲವ್ವ, ಇನ್ನೊಂದರಲ್ಲಿ ಯಲ್ಲಮ್ಮ, ಮತ್ತೊಂದರಲ್ಲಿ ತವರಿನ ಹೆಸರು ಇದ್ದರೆ ಈಗಲೇ ಸರಿಮಾಡಿಸಿ. ಹುಟ್ಟಿದ ತಾರೀಖನ್ನೂ ನೋಡಿ. ನೀವಿರುವಾಗ ಇದು ಒಂದು ಅರ್ಜಿಯ ಕೆಲಸ. ನೀವಿಲ್ಲದಾಗ ಆಕೆ ಅಫಿಡವಿಟ್ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಪೆನ್ಷನ್ ಈಗ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ನಡೆಯುತ್ತದೆ. ಅದರ ಲಾಗಿನ್, ಪಾಸ್‌ವರ್ಡ್, ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವುದು ಹೇಗೆ, ಇದನ್ನು ಮಗನಿಗಲ್ಲ, ಹೆಂಡತಿಗೇ ಕಲಿಸಿ. ಫಾರಂ ತುಂಬಲು ಸಹಾಯ ಬೇಕಾದವರು ಹೊರಗೆ ಟೇಬಲ್ ಹಾಕಿಕೊಂಡು ಕೂತಿರುವ ಈ ಹುಡುಗಿಯರ ಹತ್ತಿರ ಹೋಗಿ. ಚಹಾ ಆರುವ ಮುಂಚೆ ಮಾಡಿಕೊಡುತ್ತಾರೆ. ನಮಸ್ಕಾರ.